ಯಾರು ಮುಟ್ಟಿದರು ಈ ಫೈಲನ್ನು?

2003ರ ನವೆಂಬರ್ ತಿಂಗಳ ಮೊದಲ ವಾರದಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಒಂದು ಫೈಲಿಗೆ ಎರಡು ಸಾಲು ಹೊಸದಾಗಿ ಬಂದು ಸೇರಿಕೊಂಡವು. ಒಂದು ಪ್ರೋಗ್ರಾಂ ತಾನು ಹುಟ್ಟುಹಾಕಿದ ಇನ್ನೊಂದು ಪ್ರೋಗ್ರಾಂ ಮುಗಿಯುವವರೆಗೆ ಕಾಯುವುದಕ್ಕೆಂದು ಇರುವ ಫಂಕ್ಷನ್ನಿನ ಒಳಗೆ ಆ ಸಾಲುಗಳಿದ್ದವು. ಓದಿದವರಿಗೆ ಅನುಮಾನ ಬರುವಂಥದ್ದೇನೂ ಅಲ್ಲಿರಲಿಲ್ಲ. ಅಸಂಬದ್ಧ ಆಯ್ಕೆಗಳನ್ನು ಕೊಟ್ಟು ಈ ಫಂಕ್ಷನ್ನನ್ನು ಕರೆದವರು ಸೊನ್ನೆ ಸಂಖ್ಯೆಯ ಬಳಕೆದಾರರಾಗಿದ್ದರೆ ದೋಷ ಎಂದು ಹೇಳಿ ವಾಪಸು ಕಳಿಸು ಎನ್ನುವ ಸಾಮಾನ್ಯ ತಪಾಸಣೆಯಂತೆ ಅದು ಕಾಣುತ್ತಿತ್ತು. ಲಿನಕ್ಸ್‌ನಲ್ಲಿ ಸೊನ್ನೆ ಸಂಖ್ಯೆಯ ಬಳಕೆದಾರ ಎಂದರೆ ರೂಟ್, ಆ ಯಂತ್ರದಲ್ಲಿ ಯಾವ ಅಡೆತಡೆಯೂ ಇಲ್ಲದ ಯಜಮಾನ. ಸಿ ಭಾಷೆಯಲ್ಲಿ ಎರಡು ಬೆಲೆಗಳು ಸಮವೇ ಎಂದು ಕೇಳಬೇಕಾದರೆ ಸಮಚಿಹ್ನೆಯನ್ನು ಎರಡು ಸಲ ಹಾಕಬೇಕು. ಒಂದೇ ಸಲ ಹಾಕಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಈ ಬೆಲೆಯನ್ನು ಅಲ್ಲಿ ಕೂರಿಸು ಎಂಬ ಆಜ್ಞೆಯಾಗುತ್ತದೆ. ಆ ಸಾಲಿನಲ್ಲಿದ್ದದ್ದು ಒಂದೇ ಚಿಹ್ನೆ. ಆಯ್ಕೆಗಳ ಗುಟ್ಟು ಗೊತ್ತಿದ್ದ ಯಾರೇ ಆಗಲಿ, ಆ ಫಂಕ್ಷನ್ನನ್ನು ಒಮ್ಮೆ ಕರೆದರೆ ಸಾಕು, ರೂಟ್ ಆಗಿಬಿಡುತ್ತಿದ್ದರು.

ಇದು ಸಿಕ್ಕಿಬಿದ್ದದ್ದು ಯಾರೋ ಜಾಣರು ಕೋಡ್ ಓದಿ ಹಿಡಿದದ್ದರಿಂದ ಅಲ್ಲ. ಆಗ ಕರ್ನೆಲ್‌ನ ಮೂಲಪ್ರತಿ ಬಿಟ್‌ಕೀಪರ್ ಎಂಬ ವ್ಯವಸ್ಥೆಯಲ್ಲಿತ್ತು. ಅದನ್ನು ಬಳಸಲು ಒಪ್ಪದವರಿಗಾಗಿ ಸಿವಿಎಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಒಂದು ನಕಲನ್ನೂ ಇಟ್ಟಿದ್ದರು. ನಕಲಿಗೆ ಬರುವ ಪ್ರತಿಯೊಂದು ಬದಲಾವಣೆಯ ಜೊತೆಗೂ, ಮೂಲಪ್ರತಿಯಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕ ದಾಖಲೆಯ ಗುರುತು ಇರುತ್ತಿತ್ತು. ಬಿಟ್‌ಕೀಪರ್ ರೂಪಿಸಿದ ಲ್ಯಾರಿ ಮೆಕ್‌ವಾಯ್ ಅವರ ಕಣ್ಣಿಗೆ ಬಿದ್ದದ್ದು ಆ ಗುರುತೇ ಇಲ್ಲದ ಒಂದು ಬದಲಾವಣೆ. ನಕಲು ಇದ್ದ ಸರ್ವರಿಗೆ ಯಾರೋ ನುಗ್ಗಿ ಫೈಲನ್ನು ನೇರವಾಗಿ ತಿದ್ದಿದ್ದರು. ಆ ಎರಡು ಸಾಲುಗಳ ಕುತಂತ್ರ ಬಯಲಾದದ್ದು ಆಮೇಲೆ. ಸರ್ವರಿನ ಫೈಲುಗಳ ಮೇಲೆ ಕಾವಲು ಇಡುವ ವಿಚಾರದಲ್ಲಿ ನಾನು ಹೇಳಬೇಕೆಂದಿರುವುದೂ ಇದನ್ನೇ. ಫೈಲು ಬದಲಾಗಿದೆ ಎಂದು ಹೇಳುವುದು ಯಂತ್ರಕ್ಕೆ ಸುಲಭದ ಕೆಲಸ. ಆ ಬದಲಾವಣೆ ನಮ್ಮದೇ, ಬೇರೆಯವರದೇ ಎಂದು ಹೇಳಬೇಕಾದವರು ನಾವು. ನಾವು ಮಾಡಿದ ಬದಲಾವಣೆಗಳ ಲೆಕ್ಕ ನಮ್ಮ ಕೈಯಲ್ಲಿ ಇಲ್ಲದಿದ್ದರೆ, ಎಷ್ಟೇ ಒಳ್ಳೆಯ ಸಾಧನ ತಂದು ಕೂರಿಸಿದರೂ ಅದು ಕೂಗುತ್ತಲೇ ಇರುತ್ತದೆ, ಯಾರೂ ಕಿವಿಗೊಡುವುದಿಲ್ಲ.

ಸಾಧನದ ಕೆಲಸ ಅರ್ಥವಾಗದಂಥದ್ದಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಜೀನ್ ಕಿಮ್ ಮತ್ತು ಪ್ರಾಧ್ಯಾಪಕ ಯೂಜೀನ್ ಸ್ಪ್ಯಾಫರ್ಡ್ 1992ರಲ್ಲಿ ಟ್ರಿಪ್‌ವೈರ್ ಎಂಬ ತಂತ್ರಾಂಶ ಬರೆದರು. ಈಗ ಬಳಕೆಯಲ್ಲಿರುವ ಏಡ್, ಒಸೆಕ್, ವಾಝೂ ಮುಂತಾದವೆಲ್ಲ ನಡೆಯುವುದು ಅದೇ ದಾರಿಯಲ್ಲಿ. ಮೊದಲು ಮುಖ್ಯವಾದ ಫೈಲುಗಳನ್ನೆಲ್ಲ ಓದಿ ಪ್ರತಿಯೊಂದಕ್ಕೂ ಒಂದು ಹ್ಯಾಶ್ ಲೆಕ್ಕ ಹಾಕುತ್ತಾರೆ. ಫೈಲು ಒಂದು ಸಾಲಿನದಾಗಿರಲಿ, ಒಂದು ಸಿನಿಮಾದಷ್ಟು ದೊಡ್ಡದಿರಲಿ, ಎಸ್‌ಎಚ್‌ಎ-256 ವಿಧಾನದಲ್ಲಿ ಬರುವ ಉತ್ತರ 64 ಅಕ್ಷರಗಳದ್ದೇ. ಫೈಲಿನಲ್ಲಿ ಒಂದು ಅಲ್ಪವಿರಾಮ ಅತ್ತಿತ್ತ ಆದರೂ ಆ 64 ಅಕ್ಷರಗಳು ಗುರುತು ಸಿಗದಷ್ಟು ಬೇರೆಯಾಗಿಬಿಡುತ್ತವೆ. ಹೀಗೆ ಬಂದ ಹ್ಯಾಶ್‌ಗಳ ಜೊತೆಗೆ ಫೈಲಿನ ಗಾತ್ರ, ಒಡೆಯ, ಅನುಮತಿ, ಸಮಯ ಎಲ್ಲವನ್ನೂ ಬರೆದಿಟ್ಟರೆ ಮೂಲಪಟ್ಟಿ ಸಿದ್ಧ. ಮುಂದೆ ದಿನಕ್ಕೊಮ್ಮೆಯೋ ಗಂಟೆಗೊಮ್ಮೆಯೋ ಅದೇ ಲೆಕ್ಕವನ್ನು ಹೊಸದಾಗಿ ಮಾಡಿ ಪಟ್ಟಿಯೊಂದಿಗೆ ತಾಳೆ ನೋಡುವುದು, ತಾಳೆಯಾಗದೆ ಹೋದದ್ದನ್ನು ವರದಿ ಮಾಡುವುದು. ಹಳೆಯ ಎಂಡಿ5, ಎಸ್‌ಎಚ್‌ಎ-1 ವಿಧಾನಗಳನ್ನು ಇದಕ್ಕೆ ಬಳಸಬಾರದು. ಒಂದೇ ಹ್ಯಾಶ್ ಬರುವ ಎರಡು ಬೇರೆ ಬೇರೆ ಫೈಲುಗಳನ್ನು ಬೇಕೆಂದೇ ತಯಾರಿಸಬಹುದು ಎಂಬುದು ಎಂಡಿ5ಗೆ 2004ರಲ್ಲಿ, ಎಸ್‌ಎಚ್‌ಎ-1ಕ್ಕೆ 2017ರಲ್ಲಿ ಸಾಬೀತಾಗಿದೆ.

ವರದಿಯನ್ನು ಓದಲು ಕಲಿಯುವುದೇ ಈ ವಿದ್ಯೆಯ ಮುಕ್ಕಾಲು ಪಾಲು. ಒಂದು ಫೈಲಿನ ಮುಂದೆ ಗಾತ್ರವೂ ಬದಲಾಗಿದೆ, ತಿದ್ದಿದ ಸಮಯವೂ ಬದಲಾಗಿದೆ, ಹ್ಯಾಶೂ ಬದಲಾಗಿದೆ ಎಂದಿದ್ದರೆ ಅದು ಹೆಚ್ಚಿನಂಶ ಯಾವುದೋ ಅಪ್‌ಡೇಟ್ ಬಂದದ್ದರ ಗುರುತು. ಗಾತ್ರವೂ ಅದೇ, ತಿದ್ದಿದ ಸಮಯವೂ ಹಳೆಯದೇ, ಹ್ಯಾಶ್ ಮಾತ್ರ ಬೇರೆ ಎಂದಿದ್ದರೆ ಅದು ಕೂತಲ್ಲಿಂದ ಎದ್ದು ನಿಲ್ಲಬೇಕಾದ ಸಂಗತಿ. ಏಕೆಂದರೆ ತಿದ್ದಿದ ಸಮಯವನ್ನು ಒಂದು ಸಾಮಾನ್ಯ ಕಮಾಂಡಿನಿಂದ ಹಿಂದಕ್ಕೆ ಹಾಕಬಹುದು. ನುಗ್ಗಿದವರು ಮೊದಲು ಮಾಡುವ ಕೆಲಸಗಳಲ್ಲಿ ಅದೂ ಒಂದು. ಫೈಲಿನ ವಿವರಗಳು ಕೊನೆಗೆ ಯಾವಾಗ ಬದಲಾದವು ಎಂದು ಲಿನಕ್ಸ್ ತಾನೇ ಬರೆದಿಡುವ ಇನ್ನೊಂದು ಸಮಯವಿದೆ, ಅದನ್ನು ಅಷ್ಟು ಸಲೀಸಾಗಿ ಸುಳ್ಳು ಮಾಡಲಾಗುವುದಿಲ್ಲ. ಎರಡು ಸಮಯಗಳೂ ಒಂದಕ್ಕೊಂದು ಹೊಂದದೆ ಇರುವುದು ಕೆಲವೊಮ್ಮೆ ಹ್ಯಾಶ್‌ಗಿಂತ ಹೆಚ್ಚಿನ ಕಥೆ ಹೇಳುತ್ತದೆ. ಇನ್ನೊಂದು ಬಗೆಯಿದೆ: ಫೈಲಿನ ಒಳಗೆ ಒಂದಕ್ಷರವೂ ಬದಲಾಗಿರುವುದಿಲ್ಲ, ಅನುಮತಿಯ ಒಂದು ಬಿಟ್ ಮಾತ್ರ ಬದಲಾಗಿರುತ್ತದೆ. ಯಾರೇ ಓಡಿಸಿದರೂ ಈ ಪ್ರೋಗ್ರಾಂ ತನ್ನ ಒಡೆಯನ ಅಧಿಕಾರದಲ್ಲೇ ಓಡಲಿ ಎಂದು ಹೇಳುವ ಸೆಟ್‌ಯುಐಡಿ ಬಿಟ್ ಅದು. ರೂಟ್ ಒಡೆತನದ ಒಂದು ಮಾಮೂಲಿ ಎಡಿಟರ್‌ಗೆ ಆ ಬಿಟ್ ಹಾಕಿಬಿಟ್ಟರೆ ಯಂತ್ರದ ಯಾವ ಫೈಲನ್ನು ಬೇಕಾದರೂ ಯಾರು ಬೇಕಾದರೂ ತಿದ್ದಬಹುದು. ಬರೀ ಹ್ಯಾಶ್ ನೋಡುವ ಕಾವಲಿಗೆ ಇದು ಕಾಣುವುದೇ ಇಲ್ಲ.

ಎಲ್ಲ ಫೈಲುಗಳ ಮೇಲೂ ಕಣ್ಣಿಡೋಣ ಎನ್ನುವುದು ಸಹಜವಾಗಿ ಬರುವ ಆಸೆ, ಅದೇ ಸೋಲಿನ ಮೊದಲ ಮೆಟ್ಟಿಲು ಕೂಡ. ಸರ್ವರಿನಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಲಾಗ್‌ಗಳಿವೆ, ತಾತ್ಕಾಲಿಕ ಫೈಲುಗಳಿವೆ, ಕ್ಯಾಶ್ ಇದೆ. ಇವನ್ನು ಪಟ್ಟಿಗೆ ಸೇರಿಸಿದರೆ ಬೆಳಗಾಗುವಷ್ಟರಲ್ಲಿ ವರದಿ ಸಾವಿರ ಸಾಲು ದಾಟಿರುತ್ತದೆ. ಬದಲಾಗಬಾರದ ಜಾಗಗಳು ಯಾವುವು ಎಂದು ಕೇಳಿಕೊಂಡರೆ ಉತ್ತರ ಚಿಕ್ಕದಾಗಿಯೇ ಬರುತ್ತದೆ. ಸಿಸ್ಟಂನ ಪ್ರೋಗ್ರಾಂಗಳಿರುವ ಫೋಲ್ಡರ್‌ಗಳು, ಬಳಕೆದಾರರ ಪಟ್ಟಿ, ಯಾರಿಗೆ ರೂಟ್ ಅಧಿಕಾರ ಎಂದು ಬರೆದಿರುವ ಸುಡೂ ಫೈಲು, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಸೆಟ್ಟಿಂಗ್, ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳ ಕ್ರಾನ್ ಪಟ್ಟಿ, ವೆಬ್‌ಸೈಟಿನ ಕೋಡ್. ಇವುಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಪ್ರತಿ ಬಳಕೆದಾರರ ಫೋಲ್ಡರ್‌ನಲ್ಲಿ ಅಡಗಿರುವ ಎಸ್‌ಎಸ್‌ಎಚ್ ಕೀಗಳ ಫೈಲು. ಅದಕ್ಕೆ ಒಂದೇ ಒಂದು ಸಾಲು ಸೇರಿಸಿ ಹೋದವರು ಪಾಸ್‌ವರ್ಡ್ ಇಲ್ಲದೆ ಮತ್ತೆ ಮತ್ತೆ ಒಳಗೆ ಬರಬಹುದು. ದಾಳಿಯಾಯಿತೆಂದು ತಿಳಿದ ಮೇಲೆ ಎಲ್ಲರ ಪಾಸ್‌ವರ್ಡ್ ಬದಲಿಸಿ ನಿಟ್ಟುಸಿರು ಬಿಡುವ ಕಚೇರಿಗಳಲ್ಲಿ ಆ ಒಂದು ಸಾಲು ಹಾಗೇ ಉಳಿದಿರುತ್ತದೆ. ಇನ್ನು ವೆಬ್‌ಸೈಟಿನ ಅಪ್‌ಲೋಡ್ ಫೋಲ್ಡರ್. ಅಲ್ಲಿಗೆ ದಿನವೂ ಹೊಸ ಚಿತ್ರ, ಹೊಸ ಪಿಡಿಎಫ್ ಬರುತ್ತಿರುತ್ತವೆ, ಆದ್ದರಿಂದ ಕಾವಲು ಬೇಡ ಎಂದು ಅದನ್ನು ಕೈಬಿಡುತ್ತಾರೆ. ಚಿತ್ರಗಳು ಬರಲಿ, ಆದರೆ ಪಿಎಚ್‌ಪಿ ಫೈಲೊಂದು ಅಲ್ಲಿ ಕಾಣಿಸಿಕೊಳ್ಳಲು ಯಾವ ನ್ಯಾಯವಾದ ಕಾರಣವೂ ಇಲ್ಲ. ಫೋಲ್ಡರನ್ನೇ ಬಿಡುವ ಬದಲು ಅಲ್ಲಿ ಏನು ಬರಬಾರದು ಎಂಬ ಒಂದು ನಿಯಮ ಬರೆದರೆ, ವರ್ಡ್‌ಪ್ರೆಸ್ ಸೈಟುಗಳಲ್ಲಿ ದಾಳಿಕೋರರು ಬಚ್ಚಿಡುವ ಹಿಂಬಾಗಿಲುಗಳಲ್ಲಿ ಬಹಳಷ್ಟು ಸಿಕ್ಕಿಬೀಳುತ್ತವೆ.

ಫೈಲು ಬದಲಾದ ಮೇಲೆ ತಿಳಿದು ಏನು ಪ್ರಯೋಜನ, ನುಗ್ಗದಂತೆ ತಡೆಯುವುದಕ್ಕೆ ಅದೇ ಹಣ, ಅದೇ ಶ್ರಮ ಹಾಕಬಾರದೇ ಎಂದು ಕೇಳುವವರಿದ್ದಾರೆ. ಇದಕ್ಕೆ ಬ್ರಿಟಿಷ್ ಏರ್‌ವೇಸ್‌ನಲ್ಲಿ 2018ರಲ್ಲಿ ನಡೆದದ್ದೇ ಉತ್ತರ. ದಾಳಿಕೋರರು ಜೂನ್ 22ರಂದು ಕಂಪನಿಯ ಜಾಲದೊಳಗೆ ಕಾಲಿಟ್ಟರು. ಆಗಸ್ಟ್ 21ರಂದು ವೆಬ್‌ಸೈಟಿನಲ್ಲಿದ್ದ ಮಾಡರ್ನೈಜರ್ ಎಂಬ ಜಾವಾಸ್ಕ್ರಿಪ್ಟ್ ಫೈಲಿಗೆ 22 ಸಾಲು ಸೇರಿಸಿದರು. ಟಿಕೆಟ್ ಕೊಳ್ಳುವವರು ಹಣ ಪಾವತಿಸುವ ಗುಂಡಿ ಒತ್ತಿದ ಕೂಡಲೇ ಅವರ ಹೆಸರು, ಕಾರ್ಡ್ ಸಂಖ್ಯೆ ಎಲ್ಲವೂ ಕಂಪನಿಯ ಹೆಸರನ್ನೇ ಹೋಲುವ ಇನ್ನೊಂದು ವಿಳಾಸಕ್ಕೂ ಹೋಗುತ್ತಿತ್ತು. ಟಿಕೆಟ್ ಎಂದಿನಂತೆ ಬುಕ್ ಆಗುತ್ತಿದ್ದುದರಿಂದ ಯಾರಿಗೂ ಏನೂ ತೋಚಲಿಲ್ಲ. ಸೆಪ್ಟೆಂಬರ್ 5ರಂದು ಹೊರಗಿನವರೊಬ್ಬರು ಬಂದು ಹೇಳುವವರೆಗೆ ಇದು ನಡೆಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರ ಮಾಹಿತಿ ಅಪಾಯಕ್ಕೆ ಸಿಲುಕಿತ್ತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರ ಅಕ್ಟೋಬರ್‌ನಲ್ಲಿ 2 ಕೋಟಿ ಪೌಂಡ್ ದಂಡ ಹಾಕಿತು. ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡುವ ವಿವರವೆಂದರೆ, ಮೋಸದ ಸಾಲುಗಳು ಸೇರಿದ ಆ ಫೈಲನ್ನು ಅದಕ್ಕೆ ಮೊದಲು ಕೊನೆಯದಾಗಿ ತಿದ್ದಿದ್ದು 2012ರ ಡಿಸೆಂಬರ್‌ನಲ್ಲಿ. ಐದೂವರೆ ವರ್ಷ ಅಲುಗಾಡದೆ ಇದ್ದ ಫೈಲು ಒಂದು ರಾತ್ರಿ ಬದಲಾಯಿತು. ಇದಕ್ಕಿಂತ ಸ್ಪಷ್ಟವಾದ ಸುಳಿವು ಯಾವ ಕಾವಲಿಗೆ ತಾನೇ ಸಿಗಬೇಕು? ಮರುದಿನ ಬೆಳಗಿನ ತಾಳೆಯಲ್ಲಿ ಅದು ಸಿಕ್ಕಿದ್ದರೆ ಕಳವು ಎರಡು ವಾರದ ಬದಲು ಒಂದು ದಿನಕ್ಕೆ ನಿಲ್ಲುತ್ತಿತ್ತು. ತಡೆಯುವುದು ಬೇಡ ಎಂದು ಇದರರ್ಥವಲ್ಲ. ತಡೆ ಮುರಿದ ಮೇಲೆ ಹಾನಿ ಎಷ್ಟು ಎಂಬುದನ್ನು ನಿರ್ಧರಿಸುವುದು ಕಳ್ಳರು ಒಳಗೆ ಎಷ್ಟು ದಿನ ಇದ್ದರು ಎಂಬ ಲೆಕ್ಕವೇ. ಕಾರ್ಡ್ ಕಂಪನಿಗಳ ಭದ್ರತಾ ನಿಯಮಗಳು ಮುಖ್ಯ ಫೈಲುಗಳನ್ನು ವಾರಕ್ಕೊಮ್ಮೆಯಾದರೂ ತಾಳೆ ನೋಡಬೇಕೆಂದು ಬಹಳ ಕಾಲದಿಂದ ಹೇಳುತ್ತ ಬಂದಿವೆ. ಹಣ ಪಾವತಿಸುವ ಪುಟದಲ್ಲಿ ಗ್ರಾಹಕರ ಬ್ರೌಸರಿಗೆ ತಲುಪುವ ಸ್ಕ್ರಿಪ್ಟ್ ಬದಲಾದರೂ ಗೊತ್ತಾಗಬೇಕು ಎಂಬುದು 2025ರ ಮಾರ್ಚ್ 31ರಿಂದ ಕಡ್ಡಾಯವಾಗಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ರೂಟ್ ಅಧಿಕಾರ ಪಡೆದವನು ಕಾವಲಿನ ಪ್ರೋಗ್ರಾಂ ಅನ್ನೇ ತಿದ್ದಬಹುದು, ಮೂಲಪಟ್ಟಿಯನ್ನೇ ಹೊಸದಾಗಿ ಬರೆಯಬಹುದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು? ಮಾತು ನಿಜ. ಅದಕ್ಕೇ ಟ್ರಿಪ್‌ವೈರ್ ಬರೆದವರು ಮೂಲಪಟ್ಟಿಯನ್ನು ಓದಲು ಮಾತ್ರ ಬರುವ, ಬರೆಯಲು ಬಾರದ ಮಾಧ್ಯಮದಲ್ಲಿ ಇಡಬೇಕೆಂದು ಮೊದಲಿನಿಂದಲೂ ಹೇಳಿದ್ದರು. ಈಗ ಅದಕ್ಕೆ ಇರುವ ದಾರಿ, ಪಟ್ಟಿಯನ್ನು ಬೇರೆಯೇ ಯಂತ್ರದಲ್ಲಿ ಇಡುವುದು ಮತ್ತು ಕಾವಲಿಗೆ ಒಳಗಾದ ಸರ್ವರಿನಿಂದ ಆ ಯಂತ್ರಕ್ಕೆ ಬರೆಯುವ ದಾರಿಯನ್ನು ಮುಚ್ಚುವುದು. ವರದಿಗಳೂ ಹುಟ್ಟಿದ ಕೂಡಲೇ ಹೊರಗೆ ಹೋಗಬೇಕು. ಆಗ ನುಗ್ಗಿದವನು ಕಾವಲನ್ನು ಕೊಲ್ಲಬಹುದು, ಆದರೆ ಕೊಂದದ್ದನ್ನು ಮುಚ್ಚಿಡಲಾರ. ದಿನವೂ ಬರಬೇಕಾದ ವರದಿ ಇವತ್ತು ಬರಲಿಲ್ಲ ಎಂಬುದೇ ಒಂದು ಎಚ್ಚರಿಕೆಯಾಗಬೇಕು. ಬಹುಪಾಲು ಕಡೆ ಇದಕ್ಕೆ ತದ್ವಿರುದ್ಧವಾದ ಏರ್ಪಾಡು ಇರುತ್ತದೆ, ವರದಿ ಬಾರದಿದ್ದರೆ ಎಲ್ಲ ಸುಗಮ ಎಂದುಕೊಳ್ಳುತ್ತಾರೆ. 2011ರ ಆಗಸ್ಟ್‌ನಲ್ಲಿ ಲಿನಕ್ಸ್ ಕರ್ನೆಲ್ ಹಂಚುವ ಸರ್ವರುಗಳಿಗೇ ಕಳ್ಳರು ನುಗ್ಗಿ ರೂಟ್ ಪಡೆದಾಗ, ಕರ್ನೆಲ್‌ನ ಕೋಡ್ ಕೆಟ್ಟಿಲ್ಲ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಹೊರಗಿನ ಮೂಲಪಟ್ಟಿಯ ಬಲದಿಂದ. ಆ ಹೊತ್ತಿಗೆ ಕರ್ನೆಲ್ ಇದ್ದ ಗಿಟ್ ವ್ಯವಸ್ಥೆ ಪ್ರತಿ ಫೈಲಿಗೂ, ಅದರ ಇಡೀ ಇತಿಹಾಸಕ್ಕೂ ಹ್ಯಾಶ್ ಇಡುತ್ತದೆ. ಅದರ ಪ್ರತಿಗಳು ಸಾವಿರಾರು ಜನರ ಕಂಪ್ಯೂಟರುಗಳಲ್ಲಿದ್ದವು. ಒಂದು ಸರ್ವರಿನಲ್ಲಿ ತಿದ್ದಿದರೆ ಉಳಿದ ಎಲ್ಲರ ಬಳಿಯೂ ತಾಳೆ ತಪ್ಪುತ್ತಿತ್ತು. ಮೂಲಪಟ್ಟಿಯನ್ನು ಯಾವಾಗ ತೆಗೆದದ್ದು ಎಂಬುದೂ ಅಷ್ಟೇ ಮುಖ್ಯ. ಮೂರು ವರ್ಷದಿಂದ ಓಡುತ್ತಿರುವ ಸರ್ವರಿಗೆ ಇವತ್ತು ಪಟ್ಟಿ ಬರೆದರೆ, ಆಗಲೇ ಒಳಗೆ ಕೂತಿರುವ ಕೆಡುಕಿಗೂ ಒಪ್ಪಿಗೆಯ ಮುದ್ರೆ ಒತ್ತಿದಂತೆ. ಹೊಸದಾಗಿ ಸಿಸ್ಟಂ ಹಾಕಿದ ಗಳಿಗೆಯಲ್ಲಿ, ಇಂಟರ್ನೆಟ್ಟಿಗೆ ತೆರೆಯುವ ಮುನ್ನವೇ ಪಟ್ಟಿ ಆಗಬೇಕು.

ದಿನಕ್ಕೊಮ್ಮೆ ತಾಳೆ ನೋಡುವುದಕ್ಕಿಂತ ಬದಲಾದ ಕ್ಷಣದಲ್ಲೇ ತಿಳಿಯುವುದು ಮೇಲಲ್ಲವೇ ಎಂದರೆ, ಎರಡೂ ಬೇಕು. 2005ರಿಂದ ಲಿನಕ್ಸ್ ಕರ್ನೆಲ್‌ನಲ್ಲಿರುವ ಐನೋಟಿಫೈ ಎಂಬ ಸೌಲಭ್ಯ ಫೈಲು ಬದಲಾದ ಕೂಡಲೇ ಸುದ್ದಿ ಮುಟ್ಟಿಸುತ್ತದೆ. ಆದರೆ ಏನಾಯಿತೆಂದು ಅದು ಹೇಳುತ್ತದೆಯೇ ಹೊರತು ಯಾರು ಮಾಡಿದರೆಂದು ಹೇಳುವುದಿಲ್ಲ. ಸುದ್ದಿಗಳ ಸಾಲು ತುಂಬಿ ಹರಿದರೆ ಕೆಲವು ಬಿದ್ದೂ ಹೋಗುತ್ತವೆ. ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕರ್ನೆಲ್‌ನ ಆಡಿಟ್ ವ್ಯವಸ್ಥೆ. ಯಾವ ಪ್ರೋಗ್ರಾಂ ಫೈಲನ್ನು ಮುಟ್ಟಿತು ಎಂಬುದರ ಜೊತೆಗೆ, ಒಬ್ಬರು ಲಾಗಿನ್ ಆಗಿ ಆಮೇಲೆ ರೂಟ್ ಆದರೂ ಮೊದಲು ಲಾಗಿನ್ ಆದ ಹೆಸರನ್ನು ಅದು ಬಿಡದೆ ಹಿಡಿದಿರುತ್ತದೆ. ನಾಲ್ಕು ಜನ ಒಂದೇ ರೂಟ್ ಪಾಸ್‌ವರ್ಡ್ ಹಂಚಿಕೊಂಡು ನೇರವಾಗಿ ರೂಟ್ ಆಗಿಯೇ ಒಳಗೆ ಬರುವ ಕಚೇರಿಯಲ್ಲಿ ಮಾತ್ರ ಈ ಸೌಲಭ್ಯವೂ ಸುಮ್ಮನಾಗುತ್ತದೆ. ಅಂಥ ಕಚೇರಿಗಳು ಕಾವಲಿನ ಸಾಧನ ಹುಡುಕುವ ಮೊದಲು ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಳ್ಳಲಿ.

ಈಗ ಎಚ್ಚರಿಕೆಯ ಮಾತು. ಇದರಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ಒಂದು ಪ್ರಕರಣವಿದೆ. ಅಮೆರಿಕದ ಟಾರ್ಗೆಟ್ ಮಳಿಗೆಗಳ ಕಂಪನಿಯಿಂದ 2013ರ ಕೊನೆಯಲ್ಲಿ 4 ಕೋಟಿ ಕಾರ್ಡುಗಳ ಮಾಹಿತಿ ಕಳುವಾಯಿತು. ಬ್ಲೂಮ್‌ಬರ್ಗ್ ಬ್ಯುಸಿನೆಸ್‌ವೀಕ್ ಪತ್ರಿಕೆ 2014ರ ಮಾರ್ಚ್‌ನಲ್ಲಿ ವರದಿ ಮಾಡಿದಂತೆ, ಕದ್ದದ್ದನ್ನು ಹೊರಗೆ ಸಾಗಿಸುವ ತಂತ್ರಾಂಶವನ್ನು ಕಳ್ಳರು ನವೆಂಬರ್ 30ರಂದು ಸರ್ವರಿನಲ್ಲಿ ಇಟ್ಟಾಗಲೇ ಭದ್ರತಾ ವ್ಯವಸ್ಥೆ ಎಚ್ಚರಿಸಿತ್ತು. ಬೆಂಗಳೂರಿನಲ್ಲಿದ್ದ ತಂಡ ಅದನ್ನು ನೋಡಿ ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿತ್ತು. ಅಲ್ಲಿಂದ ಮುಂದೆ ಏನೂ ಆಗಲಿಲ್ಲ. ಅಲ್ಲಿದ್ದ ಸಾಧನ ಫೈಲು ತಾಳೆ ನೋಡುವ ಬಗೆಯದಲ್ಲ, ಬೇರೆ ಬಗೆಯದು. ಆದರೆ ರೋಗ ಒಂದೇ. ಸಾಧನ ಕಂಡಿತು, ಮನುಷ್ಯರು ಕಂಡರು, ಹೇಳಬೇಕಾದವರಿಗೆ ಹೇಳಿದರು. ಈ ಎಚ್ಚರಿಕೆ ಬಂದರೆ ಸರ್ವರನ್ನು ಜಾಲದಿಂದ ಬಿಡಿಸುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆ ಮಾತ್ರ ಎಲ್ಲೋ ಉಳಿದುಹೋಗಿತ್ತೆಂದು ಕಾಣುತ್ತದೆ. ಇಡೀ ವಿಭಾಗದ ಮೇಲ್‌ಬಾಕ್ಸಿಗೆ ಹೋಗುವ ಎಚ್ಚರಿಕೆ ಯಾರಿಗೂ ಹೋಗದ ಎಚ್ಚರಿಕೆ. ಅದರ ಮೇಲೆ ಒಬ್ಬರ ಹೆಸರಿರಬೇಕು, ಅವರು ರಜೆಯಲ್ಲಿದ್ದರೆ ಇನ್ನೊಬ್ಬರದು, ಮತ್ತು ಮಧ್ಯರಾತ್ರಿ ಯಾರನ್ನೂ ಕೇಳದೆ ಸರ್ವರನ್ನು ಬಿಡಿಸುವ ಅಧಿಕಾರವನ್ನು ಅವರಿಗೆ ಲಿಖಿತವಾಗಿ ಕೊಟ್ಟಿರಬೇಕು.

ಸುಳ್ಳು ಎಚ್ಚರಿಕೆಗಳು ಬಂದು ಬಂದು ಜನ ನೋಡುವುದನ್ನೇ ಬಿಟ್ಟುಬಿಡುತ್ತಾರೆ ಎನ್ನುವ ದೂರಿಗೆ ಪರಿಹಾರವೂ ಇಲ್ಲೇ ಇದೆ. ಸುಳ್ಳು ಎನ್ನುವ ಎಚ್ಚರಿಕೆಗಳಲ್ಲಿ ಬಹುಪಾಲು ಸುಳ್ಳೇ ಅಲ್ಲ. ಅವು ನಾವೇ ಮಾಡಿ ಹೇಳದೆ ಬಿಟ್ಟ ಬದಲಾವಣೆಗಳು. ಯಾರೋ ಸಂಜೆ ಹೋಗುವ ಮುನ್ನ ಒಂದು ಸೆಟ್ಟಿಂಗ್ ತಿದ್ದಿರುತ್ತಾರೆ, ರಾತ್ರಿ ತಾನಾಗಿ ಅಪ್‌ಡೇಟ್ ಆಗಿರುತ್ತದೆ, ಗುತ್ತಿಗೆದಾರರು ಒಂದು ಫೈಲು ಹಾಕಿ ಹೋಗಿರುತ್ತಾರೆ. ಬದಲಾವಣೆ ಮಾಡುವ ಮುನ್ನ ಏನು, ಯಾಕೆ, ಯಾರು ಎಂದು ಒಂದು ಸಾಲು ಬರೆಯುವ ಪದ್ಧತಿ ಬಂದರೆ ವರದಿ ಬಂದಾಗ ಆ ಸಾಲುಗಳ ಪಕ್ಕದಲ್ಲಿಟ್ಟು ನೋಡಿದರಾಯಿತು, ಉಳಿದದ್ದೇ ನಿಜವಾದ ಎಚ್ಚರಿಕೆ. ಸೆಟ್ಟಿಂಗ್ ಫೈಲುಗಳನ್ನೆಲ್ಲ ಗಿಟ್‌ನಲ್ಲಿಟ್ಟರೆ ಈ ಬರವಣಿಗೆ ತಾನಾಗಿ ಆಗುತ್ತದೆ. ಅಪ್‌ಡೇಟ್‌ಗಳಿಗೆ ಗೊತ್ತಾದ ಒಂದು ಹೊತ್ತು ನಿಗದಿ ಮಾಡಿ, ಅದು ಮುಗಿದ ಮೇಲೆ ವಿತರಕರು ಕೊಟ್ಟ ಹ್ಯಾಶ್‌ಗಳೊಂದಿಗೆ ಪ್ಯಾಕೇಜುಗಳನ್ನು ತಾಳೆ ನೋಡಿ, ಆಮೇಲೆ ಮೂಲಪಟ್ಟಿ ಹೊಸದು ಮಾಡಬೇಕು. ವರದಿ ಉದ್ದವಾಗಿದೆ ಎಂದು ಓದದೆಯೇ ಪಟ್ಟಿಯನ್ನು ಹೊಸದು ಮಾಡಿಬಿಡುವ ಅಭ್ಯಾಸ ಹಲವು ಕಡೆ ಇದೆ. ಕಾವಲನ್ನು ಹಾಕದೆಯೇ ಇರುವುದು ಅದಕ್ಕಿಂತ ವಾಸಿ; ಆಗ ಕಾವಲಿದೆ ಎಂಬ ಭ್ರಮೆಯಾದರೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕಾಣದಂಥವು ಇವೆ. ಸೋಲಾರ್‌ವಿಂಡ್ಸ್ ಕಂಪನಿಯ ತಂತ್ರಾಂಶದ ಮೂಲಕ ನಡೆದ, 2020ರ ಡಿಸೆಂಬರ್‌ನಲ್ಲಿ ಬಯಲಾದ ದಾಳಿಯಲ್ಲಿ, ತಂತ್ರಾಂಶ ಕಟ್ಟುವ ಸರ್ವರಿನಲ್ಲಿ ಕೂತಿದ್ದ ಕೆಡುಕು ಕೆಲಸ ನಡೆಯುವ ಹೊತ್ತಿನಲ್ಲಿ ಮಾತ್ರ ಒಂದು ಕೋಡ್ ಫೈಲನ್ನು ಬದಲಿಸಿ, ಮುಗಿದ ಮೇಲೆ ಹಳೆಯದನ್ನೇ ಮತ್ತೆ ಅಲ್ಲಿಡುತ್ತಿತ್ತು. ದಿನಕ್ಕೊಮ್ಮೆಯ ತಾಳೆಗೆ ಅದು ಸಿಗುವುದಿಲ್ಲ. ಗ್ರಾಹಕರ ಕಡೆಯಲ್ಲಂತೂ ಅದು ಕಂಪನಿಯ ಸಹಿ ಹೊತ್ತು, ನಿರೀಕ್ಷಿಸಿದ ಅಪ್‌ಡೇಟ್ ಆಗಿಯೇ ಬಂತು. ಮೆಮೊರಿಯಲ್ಲಷ್ಟೇ ಬದುಕುವ, ಡಿಸ್ಕನ್ನು ಮುಟ್ಟದ ದಾಳಿಗಳಿಗೂ, ಡೇಟಾಬೇಸಿನ ಒಳಗೆ ಒಂದು ಸಂಖ್ಯೆ ತಿದ್ದುವ ಮೋಸಕ್ಕೂ ಈ ಕಾವಲು ಕುರುಡು. ಅವಕ್ಕೆ ಬೇರೆ ಏರ್ಪಾಡು ಬೇಕು. ಆದರೆ ನುಗ್ಗಿದವರು ಸರ್ವರ್ ಮರುಚಾಲನೆಯಾದ ಮೇಲೂ ಅಲ್ಲೇ ಇರಬೇಕಾದರೆ ಸಾಮಾನ್ಯವಾಗಿ ಎಲ್ಲಾದರೂ ಒಂದು ಫೈಲನ್ನು ಮುಟ್ಟಲೇಬೇಕಾಗುತ್ತದೆ, ಕಾವಲಿನ ಬೆಲೆ ಇರುವುದು ಅಲ್ಲಿ.

ಸಣ್ಣ ಸಂಸ್ಥೆಗಳಿಗೆ ಇದು ದುಬಾರಿ ಎನ್ನುವ ಮಾತನ್ನು ನಾನು ಒಪ್ಪಲಾರೆ. ಏಡ್ ಉಚಿತ, ಮುಖ್ಯ ಲಿನಕ್ಸ್ ವಿತರಣೆಗಳೆಲ್ಲದರಲ್ಲೂ ಸಿಗುತ್ತದೆ. ಒಂದು ಸಹಕಾರ ಸಂಘದ ಅಥವಾ ಕಾಲೇಜಿನ ಸರ್ವರಿಗೆ ಅದನ್ನು ಹಾಕಿ, ನಿಯಮ ಬರೆದು, ಪಟ್ಟಿ ತೆಗೆದು ಹೊರಗಿಡಲು ತಿಳಿದವರಿಗೆ ಅರ್ಧ ದಿನದ ಕೆಲಸ. ಆಮೇಲೆ ಬೇಕಾದದ್ದು ಪ್ರತಿದಿನ ವರದಿ ನೋಡುವ ಹತ್ತು ನಿಮಿಷ, ಅದನ್ನು ಯಾರ ಕೆಲಸದ ಪಟ್ಟಿಗೆ ಸೇರಿಸುವುದು ಎಂಬ ತೀರ್ಮಾನ. ಭಾರತದಲ್ಲಿ ಇದಕ್ಕೆ ಕಾನೂನಿನ ಒತ್ತಾಸೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ವೆಬ್‌ಸೈಟಿಗೆ ನುಗ್ಗಿ ಅನುಮತಿಯಿಲ್ಲದೆ ಬದಲಾವಣೆ ಮಾಡಿದ್ದು, ಕೆಡುಕಿನ ಕೋಡ್ ಸೇರಿಸಿದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಯಾವ ಫೈಲು, ಯಾವಾಗ, ಯಾರಿಂದ ಎಂಬುದನ್ನು ಆರು ಗಂಟೆಯಲ್ಲಿ ಹೇಳಬೇಕಾದರೆ ಕಾವಲು ಆ ಮೊದಲೇ ಇದ್ದಿರಬೇಕು. ಮತ್ತು ಅದು ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಪರೀಕ್ಷಿಸಬೇಕು: ಕಾವಲಿನಲ್ಲಿರುವ ಒಂದು ಸೆಟ್ಟಿಂಗ್ ಫೈಲಿನ ಕೊನೆಗೆ, ಯಾರಿಗೂ ಹೇಳದೆ, ಒಂದು ಟಿಪ್ಪಣಿಯ ಸಾಲು ಸೇರಿಸಿ ಸಮಯ ಬರೆದಿಟ್ಟುಕೊಳ್ಳಿ. ಇದನ್ನು ಯಾರು ಮಾಡಿದ್ದು ಎಂದು ಕೇಳುತ್ತ ಯಾರಾದರೂ ಬರಲು ಎಷ್ಟು ಹೊತ್ತಾಯಿತು ಎಂದು ನೋಡಿ. ಮಾರನೆಯ ದಿನವೂ ಯಾರೂ ಬಾರದಿದ್ದರೆ ಮೊದಲು ಏಡ್‌ನ ವರದಿ ತೆರೆಯಿರಿ. ಆ ಸಾಲು ಅಲ್ಲಿ ದಾಖಲಾಗಿದ್ದರೆ ದೋಷ ಸಾಧನದ್ದಲ್ಲ, ವರದಿ ಹೋಗುವ ವಿಳಾಸದ್ದು.